ಗುಪ್ತದಾನವೂ ರಾಜಕೀಯ ಪಕ್ಷಗಳೂ

ದಾನವನ್ನು ಗುಟ್ಟಾಗಿ ಮಾಡುವುದೇ ಶ್ರೇಷ್ಠವೆಂದು ಹಿರಿಯರು ಹೇಳುತ್ತ ಬಂದಿರುವರು. ದೇವಾಲಯದ ಹುಂಡಿಗೆ ಬಿದ್ದ ಹಣಕ್ಕೆ ಹೆಸರಿಲ್ಲ. ಹಾಗಿದ್ದ ಮೇಲೆ ರಾಜಕೀಯ ಪಕ್ಷಕ್ಕೆ ಕೊಟ್ಟ ಹಣವೂ ಗುಪ್ತವಾಗಿರಬಾರದೇಕೆ? ಇದು ಬರಿಯ ತರ್ಕವಿನೋದವಲ್ಲ. 2018ರಿಂದ 2024ರವರೆಗೆ ಭಾರತದಲ್ಲಿ ಇದೇ ಶಾಸನವಾಗಿತ್ತು.

ಚುನಾವಣಾ ಬಾಂಡು ಎಂಬ ಪತ್ರವನ್ನು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕೊಳ್ಳಬಹುದಾಗಿತ್ತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗೆ ಅದರ ಬೆಲೆ. ಪತ್ರದ ಮೇಲೆ ಕೊಟ್ಟವನ ಹೆಸರಿರುತ್ತಿರಲಿಲ್ಲ. ಪಕ್ಷವು ಅದನ್ನು ಪ್ರಕಟಿಸಬೇಕಾಗಿಯೂ ಇರಲಿಲ್ಲ. ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 7.5ನ್ನು ಮೀರಿ ಕೊಡಬಾರದೆಂಬ ಮಿತಿಯನ್ನು 2017ರಲ್ಲಿಯೇ ತೆಗೆದುಹಾಕಲಾಗಿತ್ತು. ನಷ್ಟದಲ್ಲಿರುವ ಕಂಪೆನಿಯೂ ದಾನಶೂರ ಕರ್ಣನಾಗಬಹುದಾಯಿತು!

ದಾನವೆಂಬ ಮಾತನ್ನೇ ಇಲ್ಲಿ ಕೊಂಚ ವಿಚಾರಿಸಬೇಕು. ಭಗವದ್ಗೀತೆಯ 17ನೆಯ ಅಧ್ಯಾಯವು ಪ್ರತ್ಯುಪಕಾರವನ್ನು ಬಯಸಿ ಕೊಟ್ಟುದನ್ನು ರಾಜಸದಾನವೆಂದು ಬೇರ್ಪಡಿಸುತ್ತದೆ. ಗುಪ್ತದಾನದ ಹಿರಿಮೆಯಾದರೋ, ಕೊಟ್ಟವನಾರೆಂಬುದು ಪಡೆದವನಿಗೆ ತಿಳಿಯದಿರುವುದರಲ್ಲಿದೆ. ತಿಳಿಯದವನು ಋಣವನ್ನು ತೀರಿಸಲಾರನಷ್ಟೆ. ಬಾಂಡಿನ ವಿಷಯದಲ್ಲಿ ಈ ಕ್ರಮವು ತಲೆಕೆಳಗಾಯಿತು. ಕೊಟ್ಟವನು ಪಕ್ಷದ ಕಿವಿಯಲ್ಲಿ ತನ್ನ ಹೆಸರನ್ನು ಉಸುರುವುದಕ್ಕೆ ಏನು ಅಡ್ಡಿ? ತಿಳಿಯದೆ ಉಳಿದವನು ಮತದಾರನು.

ಇದರ ಅಪಾಯವು ಹೊಸತಾಗಿ ಕಂಡುದಲ್ಲ. 1957ರಲ್ಲಿ ಟಾಟಾ ಉಕ್ಕಿನ ಕಂಪೆನಿಯ ಮೊಕದ್ದಮೆಯಲ್ಲಿ ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರು, ಅನುಮತಿಯನ್ನು ಕೊಡುತ್ತಲೇ, ಈ ಪದ್ಧತಿಯು ಪ್ರಜಾಪ್ರಭುತ್ವದ ಕತ್ತು ಹಿಸುಕೀತೆಂದು ಎಚ್ಚರಿಸಿದ್ದರು. 1969ರಲ್ಲಿ ಕಂಪೆನಿಗಳ ದೇಣಿಗೆಗೆ ನಿಷೇಧ ಬಂದಿತು, 1985ರಲ್ಲಿ ಹೋಯಿತು. ನಡುವೆ ಹಣದ ಹರಿವು ನಿಂತಿತ್ತೆಂದು ಯಾರು ನಂಬಿಯಾರು?

ಹೆಸರು ಹೊರಬಿದ್ದರೆ ಎದುರುಪಕ್ಷದವರು ಅಧಿಕಾರಕ್ಕೆ ಬಂದಾಗ ಹಗೆ ಸಾಧಿಸುವರೆಂಬ ಆಕ್ಷೇಪವುಂಟು. ಇದನ್ನು ಹುರುಳಿಲ್ಲದ್ದೆಂದು ತಳ್ಳಲಾಗದು. ಆದರೆ ನೂರು ರೂಪಾಯಿ ಕೊಡುವ ಬಡ ಗುಮಾಸ್ತನ ಭಯವೂ, ಸರ್ಕಾರದಿಂದ ಗಣಿಯನ್ನೋ ರಸ್ತೆಯ ಗುತ್ತಿಗೆಯನ್ನೋ ಬಯಸುವ ಕಂಪೆನಿಯ ಭಯವೂ ಒಂದೇ ತೂಕದವಲ್ಲ. ವಾದಿಯಿಂದ ಹಣ ಪಡೆದ ನ್ಯಾಯಾಧೀಶನು ಧರ್ಮವಾಗಿಯೇ ನುಡಿದರೂ ಪ್ರತಿವಾದಿಗೆ ಅದು ತೀರ್ಪೆಂದು ತೋರದು. ಲಂಚವು ರುಜುವಾತಾಗುವುದಕ್ಕೆ ಬಹು ಮೊದಲೇ ಹಿತವಿರೋಧವು ಹುಟ್ಟಿರುತ್ತದೆ.

2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಯೋಜನೆಯನ್ನು ರದ್ದುಪಡಿಸಿ, ಮತದಾರನಿಗೆ ತಿಳಿಯುವ ಹಕ್ಕುಂಟೆಂದರು. ಕಂಪೆನಿಗಳ ಮಿತಿಯೂ ಮರಳಿತು. ಮಾರ್ಚ್ ತಿಂಗಳಲ್ಲಿ ಹೆಸರುಗಳು ಪ್ರಕಟವಾದುವು. ಆದರೂ 20,000 ರೂಪಾಯಿಗೆ ಮೀರದ ದೇಣಿಗೆಯಲ್ಲಿ ಕೊಟ್ಟವನ ಹೆಸರನ್ನು ಆಯೋಗಕ್ಕೆ ತಿಳಿಸಬೇಕಾಗಿಲ್ಲ. ಅಭ್ಯರ್ಥಿಯ ವೆಚ್ಚಕ್ಕೆ ಮಿತಿಯುಂಟು, ಪಕ್ಷದ ವೆಚ್ಚಕ್ಕಿಲ್ಲ. ದೇಣಿಗೆಯ ವರದಿಯು ಚುನಾವಣಾ ಆಯೋಗಕ್ಕೆ ವರ್ಷಕ್ಕೊಮ್ಮೆ ಸೇರತಕ್ಕುದಾದುದರಿಂದ, ಮತ ಹಾಕುವ ದಿನ ಮತದಾರನ ಕಣ್ಣಿಗೆ ಬೀಳುವುದು ಹಳೆಯ ವರ್ಷದ ಲೆಕ್ಕ.