ಶಿಶುವಿನ ಮೊದಲ ಅನ್ನ

ಚಂದ್ರಾ ಲೇಔಟಿನ ಮನೆಯೊಂದರಲ್ಲಿ, ಇರುಳೆಲ್ಲ ನೆನೆದು ಬಟ್ಟೆಯ ಗಂಟಿನೊಳಗೆ ಬಿಳಿಯ ಮೊಳಕೆಯೊಡೆದ ರಾಗಿಯನ್ನು ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಪಂಚೆಯಲ್ಲಿ ಸೋಸಿ, ಆರು ತಿಂಗಳು ತುಂಬಿದ ಮೊಮ್ಮಗುವಿಗೆ ಸರಿಹಿಟ್ಟನ್ನು ಸಿದ್ಧಗೊಳಿಸುವ ಅಜ್ಜಿಯ ಕಾರ್ಯವನ್ನು ದಾನವೆನ್ನಬಹುದೇ? ದಾನದಲ್ಲಿ ಕೊಡುವವನು, ಎಷ್ಟೇ ವಿನೀತನಾಗಿರಲಿ, ತುಸು ಮೇಲೆಯೇ ನಿಲ್ಲುತ್ತಾನೆ. ಇಲ್ಲಿಯಾದರೋ, ಬೇಡಲೂ ವಂದಿಸಲೂ ಅರಿಯದ ಶಿಶುವು ತುಟಿ ಬಿಗಿದು ಮುಖ ತಿರುಗಿಸಿದೊಡನೆ ಕೊಡುವವಳೇ ಯಾಚಕಿಯಾಗುತ್ತಾಳೆ. ತೈತ್ತಿರೀಯೋಪನಿಷತ್ತಿನ ಭೃಗುವು ಅನ್ನವೇ ಬ್ರಹ್ಮವೆಂದು ಮೊದಲರಿತು, ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟಿದ ಬಳಿಕವೂ ಆ ಉಪನಿಷತ್ತು ಅನ್ನವನ್ನು ನಿಂದಿಸಬಾರದೆಂಬ ವ್ರತಕ್ಕೇ ಮರಳುವುದರಿಂದ, ಅನ್ನವನ್ನು ಕೆಳಗಿನ ಮೆಟ್ಟಿಲೆಂದು ಬಗೆದು ಮುಂದೆ ಸಾಗುವ ವೇದಾಂತಿಗಳ ಆತುರವನ್ನು ನಾನೊಪ್ಪಲಾರೆ. ಕಾಳು ತನ್ನ ಸಸಿಗೆಂದು ಕೂಡಿಟ್ಟ ಪಿಷ್ಟವು ಮೊಳೆಯುವಾಗ ಸಕ್ಕರೆಯಾಗಿ ಒಡೆಯುವುದರಿಂದಲೇ ಸರಿ ತೆಳುವಾಗಿ ಎಳೆಯ ಜಠರಕ್ಕೆ ಹಗುರಾಗುತ್ತದೆ; ಸಸಿಯ ಪಾಲನ್ನು ಕಂದನಿಗೆ ಉಣಿಸುವ ಅಜ್ಜಿಯೂ ಇಲ್ಲಿ ದಾತೆಯಲ್ಲ, ಋಣಿ.