ಹಿಡಿದು ಬಿಟ್ಟರೆ ಹಿಂಸೆ ಅಲ್ಲವೇ?

ಇಂದಿನ ಚಿಂತನೆ ಮೊದಲನೇ ಶೀಲದ ಬಗ್ಗೆ.

ಪ್ರಾಣಹತ್ಯೆಯಿಂದ ದೂರ ಇರುತ್ತೇನೆ ಎಂದು ಪ್ರತಿ ವಂದನೆಯಲ್ಲೂ ಹೇಳುತ್ತೇವೆ. ಕೊಲ್ಲಲಿಲ್ಲ, ಆದರೆ ನೋಯಿಸಿದೆವು ಎನ್ನೋಣ. ಆಗ ಶೀಲ ಉಳಿಯಿತೋ, ಹೋಯಿತೋ? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವನು ನನ್ನ ಒಬ್ಬ ಗೆಳೆಯ.

ವರ್ಷವಿಡೀ ಹರಿಯುವ ನದಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಇಲ್ಲ. ಕೆರೆಯೇ ನಮಗೆ ಎಲ್ಲ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದು ಕೆರೆ ಕೋಡಿ ಹರಿದು ಇನ್ನೊಂದು ತುಂಬಿತು. ಆ ನೀರಿನ ಶುದ್ಧಿಯ ಬಗ್ಗೆ ವಾದಗಳಿವೆ, ಅದು ಬೇರೆ ಮಾತು. ಜಾಲಿ ಬೆಳೆದಿದ್ದ ಕೆರೆಯಂಗಳಗಳಲ್ಲಿ ಮತ್ತೆ ಮೀನು ಆಡತೊಡಗಿದವು.

ಗೆಳೆಯ ನನ್ನ ಜೊತೆ ಓದಿದವನು. ಬೆಂಗಳೂರಿನಲ್ಲಿ ಕೆಲಸ. ದೀಕ್ಷೆ ತೆಗೆದುಕೊಂಡು ಹಲವು ವರ್ಷವಾಯಿತು. ಒಂದು ಭಾನುವಾರ ನನ್ನನ್ನೂ ಕೆರೆಗೆ ಕರೆದುಕೊಂಡು ಹೋದ. ಮೀನಿನ ಹಕ್ಕನ್ನು ಹರಾಜಿನಲ್ಲಿ ಪಡೆದವರಿಗೆ ಹೇಳಿಯೇ ಕೂತಿದ್ದ. ಹಗುರವಾದ ಕಡ್ಡಿ, ಕೂದಲಿನಂಥ ದಾರ, ಮುಳ್ಳು ತೆಗೆದ ಒಂದೇ ಗಾಳ. ಇದಕ್ಕೆ ಲೈಟ್ ಟ್ಯಾಕಲ್ ಅನ್ನುತ್ತಾರಂತೆ. ಒಂದು ರೋಹು ಸಿಕ್ಕಿತು. ಬಹಳ ಹೊತ್ತು ಆಡಿಸಿ ದಡಕ್ಕೆ ತಂದ. ಮೈಮೇಲಿನ ಲೋಳೆ ಹೋಗದಿರಲೆಂದು ಕೈ ಒದ್ದೆ ಮಾಡಿಕೊಂಡ. ನೀರಿನಲ್ಲೇ ಗಾಳ ಬಿಡಿಸಿದ. ಅದು ತಾನಾಗಿ ಬಾಲ ಬೀಸುವವರೆಗೆ ಹಿಡಿದುಕೊಂಡಿದ್ದು ಬಿಟ್ಟ.

"ಕೊಲ್ಲಲಿಲ್ಲ, ತಿನ್ನಲಿಲ್ಲ. ಶೀಲ ಎಲ್ಲಿ ಮುರಿಯಿತು ಹೇಳು ಮೇಷ್ಟ್ರೇ" ಅಂದ.

ಅತ್ತ ಕೋಡಿಯ ಬಳಿ ಒಬ್ಬ ತಾಯಿ, ಅವಳ ಮಗ ಹಳೇ ಸೀರೆ ಒಡ್ಡಿ ಸಾರಿಗೆ ಸಣ್ಣ ಮೀನು ಹಿಡಿಯುತ್ತಿದ್ದರು. ಗೆಳೆಯ ಅವರನ್ನು ನೋಡಿ ಮುಖ ಸಿಂಡರಿಸಿದ. "ಮರಿಗಳನ್ನೂ ಬಿಡಲ್ಲ ಇವರು" ಅಂದ.

ಈ ಇಬ್ಬರಲ್ಲಿ ಶೀಲಕ್ಕೆ ಹತ್ತಿರ ಇದ್ದವರು ಯಾರು?

ಅಕ್ಷರ ಹಿಡಿದು ನೋಡಿದರೆ ಗೆಳೆಯನ ಮಾತೇ ಸರಿ. ಪ್ರಾಣಹತ್ಯೆ ಆಯಿತು ಎನ್ನಲು ಐದು ಅಂಗ ಇರಬೇಕೆಂದು ಪಾಲಿ ಅಟ್ಠಕಥೆಗಳು ಹೇಳುತ್ತವೆ. ಜೀವ ಇರಬೇಕು, ಅದು ಜೀವವೆಂದು ಗೊತ್ತಿರಬೇಕು, ಕೊಲ್ಲುವ ಮನಸ್ಸು ಇರಬೇಕು, ಪ್ರಯತ್ನ ಇರಬೇಕು, ಕೊನೆಗೆ ಸಾವು ಆಗಿರಬೇಕು. ಇಲ್ಲಿ ಕೊಲ್ಲುವ ಮನಸ್ಸೂ ಇಲ್ಲ, ಸಾವೂ ಇಲ್ಲ.

ಆದರೆ ಉದಾನದಲ್ಲಿ ಒಂದು ಪುಟ್ಟ ಪ್ರಸಂಗ ಇದೆ. ಭಗವಾನ್ ಬುದ್ಧರು ಜೇತವನದಿಂದ ಶ್ರಾವಸ್ತಿಗೆ ಭಿಕ್ಷೆಗೆ ಹೊರಟಿದ್ದರು. ದಾರಿಯಲ್ಲಿ ಹುಡುಗರು ಮೀನುಗಳನ್ನು ಪೀಡಿಸುತ್ತಿದ್ದರು. ಅಲ್ಲಿ ಪಾಲಿಯಲ್ಲಿ ಬರುವ ಕ್ರಿಯಾಪದ ನಮ್ಮ ಕನ್ನಡದ 'ಬಾಧೆ'ಯ ಮೂಲದ್ದೇ. ಕೊಲ್ಲುತ್ತಿದ್ದರು ಎಂದು ಅಲ್ಲಿಲ್ಲ, ಬಾಧಿಸುತ್ತಿದ್ದರು ಎಂದಿದೆ. ಬುದ್ಧರು ಅವರನ್ನು ಕೊಲ್ಲುತ್ತೀರಾ, ತಿನ್ನುತ್ತೀರಾ ಎಂದು ವಿಚಾರಿಸಲಿಲ್ಲ. ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಇಷ್ಟವಿಲ್ಲವೇ ಎಂದಷ್ಟೇ ಕೇಳಿದರು. ಹೌದು ಎಂದವು ಮಕ್ಕಳು. ಹಾಗಾದರೆ ಕೆಟ್ಟದ್ದನ್ನು ಮಾಡಬೇಡಿ ಎಂಬುದೇ ಉಪದೇಶ.

ಮೀನಿಗೆ ನೋವಾಗುತ್ತದೆಯೇ ಎಂದು ಗೆಳೆಯ ಕೇಳಿದ. ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಟ್ರೌಟ್ ಮೀನಿನ ತಲೆ, ಬಾಯಿಯ ಸುತ್ತ ನೋವು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನು ತುಟಿಯನ್ನು ಕಲ್ಲಿಗೆ ಉಜ್ಜಿಕೊಂಡಿತು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಆದರೂ ಒಂದು ಮಾತು ನೋಡಿ. ದಾರ ತೆಳುವಾದಷ್ಟೂ ಮೀನನ್ನು ಬೇಗ ಎಳೆಯಲಾಗದು, ಎಳೆದರೆ ದಾರ ಕಡಿಯುತ್ತದೆ. ಅದು ಸೋತು ಸುಣ್ಣವಾಗುವವರೆಗೆ ಆಡಿಸಬೇಕು. ಆ ಹೊತ್ತಿನಲ್ಲಿ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬಿಟ್ಟ ಮೇಲೆ ಕಣ್ಮರೆಯಲ್ಲಿ ಸಾಯುವ ಮೀನುಗಳೂ ಉಂಟು. ಹಗುರ ಸಲಕರಣೆ ಹಗುರವಾಗಿರುವುದು ನಮ್ಮ ಕೈಗೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಗಂಟನ್ನು ಬಿಡಿಸಿದ್ದಾರೆ. ಅವರು ಹೇಳುವಂತೆ ಬುದ್ಧರ ಅಹಿಂಸೆ ಒಂದು ತತ್ವ, ಕುರುಡು ನಿಯಮವಲ್ಲ. ಅಗತ್ಯಕ್ಕೆ ಕೊಲ್ಲುವುದು ಬೇರೆ, ಕೊಲ್ಲಬೇಕೆಂಬ ಇಚ್ಛೆಯಿಂದ ಕೊಲ್ಲುವುದು ಬೇರೆ. ನಿಯಮ ಇದ್ದರೆ ಪಾಲಿಸಬೇಕು ಇಲ್ಲವೇ ಮುರಿಯಬೇಕು. ತತ್ವ ಇದ್ದರೆ ನಾವೇ ಯೋಚಿಸಿ ತೂಗಬೇಕು.

ಈ ತಕ್ಕಡಿಯಲ್ಲಿ ಇಡಿ. ಕೋಡಿಯ ಬಳಿಯ ತಾಯಿಗೆ ಅಗತ್ಯ ಇತ್ತು, ಗೆಳೆಯನಿಗೆ ಇಚ್ಛೆ ಮಾತ್ರ ಇತ್ತು. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ರಕ್ಷಣಾ ನಿಯಮಗಳೂ ಹೀಗೇ ತೂಗಿವೆ. ಅಲ್ಲಿ ಊಟಕ್ಕೆ ಮೀನು ಹಿಡಿಯಬಹುದು, ಬಿಡುವ ಉದ್ದೇಶದಿಂದಲೇ ಹಿಡಿಯುವಂತಿಲ್ಲ. ನಮ್ಮ ಊಟವನ್ನು ಹಿಂಸೆ ಎಂದು ಹೀಯಾಳಿಸುವವರ ಮಾತು ಕೇಳಿ ಕೇಳಿ, ನಮ್ಮವರೇ ನಮ್ಮವರ ಸಾರಿನ ಮಡಕೆಯತ್ತ ಮುಖ ಸಿಂಡರಿಸಬಾರದು.

ಗೆಳೆಯನ ಪರವಾದ ಮಾತನ್ನೂ ಹೇಳಬೇಕು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳ್ಳಿಗಳಲ್ಲಿ ಹಿಂದೆ ಮಹಶೀರ್ ಮೀನನ್ನು ಹೀಗೆ ಹಿಡಿದು ಬಿಡುತ್ತಿದ್ದರು. ಆ ಶಿಬಿರಗಳಿಂದ ನದಿಗೆ ಕಾವಲು ಇತ್ತು. ಗಾಳಗಾರರು ಬರೆದಿಟ್ಟ ಲೆಕ್ಕದಿಂದಲೇ ಗೂನುಬೆನ್ನಿನ ಮಹಶೀರ್ ಅಳಿಯುತ್ತಿರುವುದು ಸಂಶೋಧಕರಿಗೆ ತಿಳಿಯಿತು. ಒಂದು ಜಾತಿಯ ಮೀನು ಉಳಿಯಲೆಂದು ಹಿಡಿದು ಬಿಡುವುದರಲ್ಲೂ ಒಂದು ಅಗತ್ಯ ಇದೆ. ಹಾಗಿಲ್ಲದ ಕೆರೆಯಲ್ಲಿ ಉಳಿಯುವುದು ನಮ್ಮ ಮೋಜು ಒಂದೇ.

ಗೆಳೆಯ ಕೊನೆಗೆ ಅಂದದ್ದು ನನ್ನನ್ನು ಬಹಳ ಕಾಡಿತು. "ನಮ್ಮ ತಾತ ನೀರಗಂಟಿ. ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಟ್ಟ. ದಡದಲ್ಲಿ ಸುಮ್ಮನೆ ಕೂರೋ ಹಕ್ಕು ಅವನಿಗೆ ಇರಲಿಲ್ಲ. ನಾನು ಕೂರಬಾರದಾ?" ಕೂರಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ನಾವೂ ಮನುಷ್ಯರೆಂದು ಸ್ಥಾಪಿಸಲು. ದಡದ ಹಕ್ಕು ನಮ್ಮದು. ಆದರೆ ಆ ಹಕ್ಕನ್ನು ಅನುಭವಿಸಲು ಇನ್ನೊಂದು ಜೀವದ ತುಟಿಗೆ ಕೊಕ್ಕೆ ಹಾಕಬೇಕಿಲ್ಲ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಜೀವರಾಶಿಯ ಮೇಲಿನ ಪ್ರೀತಿ ಎಂದು ನಮಗೆ ಹೇಳಿಕೊಟ್ಟವರೂ ಬಾಬಾಸಾಹೇಬರೇ. ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ನಮ್ಮ ಮಾತು ಮುಂದುವರಿದಿದೆ, ಸ್ನೇಹವೂ.

ಹಿಡಿದು ಬಿಡುವುದು ಏನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಾತಿಯ ಹೆಸರು ಎತ್ತಿ ಕೊಕ್ಕೆ ಹಾಕುತ್ತಾರೆ. ನಮ್ಮ ಮುಖ ಬಾಡುವವರೆಗೆ ಆಡಿಸುತ್ತಾರೆ. ಆಮೇಲೆ "ತಮಾಷೆಗೆ ಅಂದೆ, ಬಿಡಪ್ಪ" ಅನ್ನುತ್ತಾರೆ. ಬಿಟ್ಟ ಮಾತ್ರಕ್ಕೆ ಗಾಯ ಮಾಯುವುದಿಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ, ಕೆಲಸದಲ್ಲಿ, ಗ್ರೂಪಿನಲ್ಲಿ ಯಾರನ್ನಾದರೂ ತಮಾಷೆಗೆ ಕೆಣಕುವ ಮುನ್ನ ಬುದ್ಧರು ಆ ಹುಡುಗರಿಗೆ ಕೇಳಿದ್ದನ್ನು ನಮಗೆ ನಾವೇ ಕೇಳಿಕೊಳ್ಳೋಣ. ನೋವು ನನಗೆ ಇಷ್ಟವೇ?

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.