ಪರದೆ ಯಾರ ಮಾತು ಕೇಳುತ್ತದೆ?

ಹಳ್ಳಿಯ ಶಾಲೆಗೆ ಪರದೆ ಬಂದದ್ದು ನಿನ್ನೆ ಮೊನ್ನೆಯ ಸಂಗತಿ ಎಂಬಂತೆ ನಾವು ಮಾತಾಡುತ್ತೇವೆ. ವಿಜಯಪುರ ಜಿಲ್ಲೆಯ ಮಟ್ಟಿಗೆ ಅದು ಐವತ್ತು ವರ್ಷದಷ್ಟು ಹಳೆಯದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ‘ಸೈಟ್’ ಎಂಬ ಉಪಗ್ರಹ ದೂರದರ್ಶನದ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕಡ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟು, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಹತ್ತಡಿಯ ಛತ್ರಿಯನ್ನು ಅಂಗಳದಲ್ಲಿ ನಿಲ್ಲಿಸಿ, ಆಕಾಶದಿಂದ ನೇರವಾಗಿ ಕಾರ್ಯಕ್ರಮ ಇಳಿಸಿಕೊಳ್ಳಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿಕೊಂಡದ್ದು ಬಿಜಾಪುರ (ಈಗಿನ ವಿಜಯಪುರ), ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆಂದೇ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಮಕ್ಕಳ ಕುತೂಹಲವೂ ಭಾಷೆಯೂ ಬೆಳೆದದ್ದನ್ನು ಮೌಲ್ಯಮಾಪನ ಮಾಡಿದವರು ಗುರುತಿಸಿದರು; ಶಾಲೆಗೆ ಸೇರುವವರ, ಶಾಲೆ ಬಿಡುವವರ ಲೆಕ್ಕದಲ್ಲಿ ಮಾತ್ರ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ವರ್ಷ ಮುಗಿಯಿತು, ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗಾದಲ್ಲಿ ಒಂದು ಪ್ರಸಾರ ಕೇಂದ್ರ ಬಂತು. ಅದರ ಅಲೆ ಮುಟ್ಟದ ಊರುಗಳಲ್ಲಿ ಕಥೆ ಅಲ್ಲಿಗೇ ನಿಂತಿತು.

ಅದಾದ ಮೇಲೆ ಬಂದವನ್ನೆಲ್ಲ ಇದೇ ಸಾಲಿನಲ್ಲಿಟ್ಟು ನೋಡಬೇಕು. 2001ರ ಸುಮಾರಿಗೆ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ‘ಮಾಹಿತಿ ಸಿಂಧು’, 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹ, 2017ರ ದೀಕ್ಷಾ ಆ್ಯಪ್, ಪಠ್ಯಪುಸ್ತಕದ ಪುಟಗಳಲ್ಲಿ ಅಚ್ಚಾದ ಕ್ಯೂಆರ್ ಕೋಡ್, ಈಗಿನ ಸ್ಮಾರ್ಟ್ ಕ್ಲಾಸ್. ಯಂತ್ರ ಬದಲಾಗಿದೆ, ಅದರ ಹಿಂದಿನ ನಂಬಿಕೆ ಬದಲಾಗಿಲ್ಲ: ದೂರದಲ್ಲಿರುವ ಒಳ್ಳೆಯ ಪಾಠವನ್ನು ಹಳ್ಳಿಯ ಕೊಠಡಿಗೆ ಮುಟ್ಟಿಸಿದರೆ ಮಗು ಕಲಿಯುತ್ತದೆ ಎಂಬ ನಂಬಿಕೆ. ಕಲಿಕೆಯನ್ನು ಇಲ್ಲಿ ಸಾಗಾಣಿಕೆ ಎಂದು ಎಣಿಸಲಾಗಿದೆ. ನನ್ನ ತಕರಾರು ಇರುವುದು ಈ ಎಣಿಕೆಯ ಬಗ್ಗೆ. ಮಗು ಕಲಿಯುವುದು ತನಗೆ ಹೇಳಿದ್ದರಿಂದ ಎಷ್ಟೋ, ತಾನು ಹೇಳಿದ್ದನ್ನು ಯಾರಾದರೂ ಕೇಳಿಸಿಕೊಂಡದ್ದರಿಂದಲೂ ಅಷ್ಟೇ. 52ರಿಂದ 37 ಕಳೆಯುವಾಗ ಒಂದು ಮಗು 25 ಎಂದು ಬರೆಯುತ್ತದೆ. ಅದು ಸುಮ್ಮನೆ ತಪ್ಪಿದ್ದಲ್ಲ. 2ರಲ್ಲಿ 7 ಹೋಗದು, ಆದ್ದರಿಂದ 7ರಲ್ಲಿ 2 ಕಳೆದೆ ಎಂಬ ಲೆಕ್ಕ ಆ ಉತ್ತರದ ಹಿಂದಿದೆ. ಆ ಲೆಕ್ಕವನ್ನು ಮಗುವಿನ ಬಾಯಿಂದಲೇ ಹೊರಡಿಸಿದ ಶಿಕ್ಷಕಿಗೆ ಮುಂದೆ ಏನು ಮಾಡಬೇಕೆಂಬುದು ತಿಳಿಯುತ್ತದೆ. ಕಳೆಯುವ ವಿಧಾನವನ್ನು ಬಣ್ಣಬಣ್ಣದ ಚಿತ್ರಗಳಲ್ಲಿ ಹತ್ತು ಸಲ ತೋರಿಸಿದ ಪರದೆಗೆ ಆ ಮಗುವಿನ ತಲೆಯಲ್ಲಿ ಏನು ನಡೆದಿದೆ ಎಂಬುದು ಗೊತ್ತೇ ಆಗುವುದಿಲ್ಲ. ಹಾಗಾಗಿ ಶಾಲೆಗೆ ಬರುವ ಯಾವುದೇ ಸಾಧನವನ್ನು ನಾನು ಒಂದೇ ಅಳತೆಯಿಂದ ಅಳೆಯಬಯಸುತ್ತೇನೆ. ಅದು ಬಂದ ಮೇಲೆ ಮಗುವಿನ ಮಾತು ಶಿಕ್ಷಕರ ಕಿವಿಗೆ ಹೆಚ್ಚು ಬಿತ್ತೋ, ಕಡಿಮೆಯಾಯಿತೋ?

ಈ ಅಳತೆ ಎಲ್ಲ ಕಡೆಗೂ ಸಲ್ಲುತ್ತದೆ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳಲ್ಲಿ ಇದಕ್ಕೆ ಹೆಚ್ಚಿನ ತೂಕವಿದೆ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಈ ಭಾಗವನ್ನು ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಇಟ್ಟಿತ್ತು. ಹಿಂದುಳಿಯುವಿಕೆ ಎಂದಾಗ ರಸ್ತೆ, ನೀರು, ಆಸ್ಪತ್ರೆ ನೆನಪಾಗುತ್ತವೆ. ತರಗತಿಯೊಳಗೆ ಅದರ ರೂಪ ಬೇರೆ. ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಐದು ತರಗತಿ ನೋಡಿಕೊಳ್ಳಬೇಕು. ಒಂದೇ ಕೊಠಡಿಯಲ್ಲಿ ಮೂರು ವಯಸ್ಸಿನ, ಆರು ಮಟ್ಟದ ಮಕ್ಕಳು ಕೂತಿರುತ್ತಾರೆ. ಅವರಲ್ಲಿ ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗು ಇರುತ್ತದೆ, ದಖನಿ ಉರ್ದು ಆಡುವ ಮಗು ಇರುತ್ತದೆ, ಸೊಲ್ಲಾಪುರದ ಗಡಿಗೆ ಹತ್ತಿದ ಊರುಗಳಲ್ಲಿ ಮರಾಠಿ ಬೆರೆತ ಮಗುವೂ ಇರುತ್ತದೆ. ಮನೆಮಾತು ಕನ್ನಡವೇ ಆದ ಮಗು ಕೂಡ ಹೋಗುವುದು ‘ಶಾಲೆ’ಗಲ್ಲ, ‘ಸಾಲಿ’ಗೆ; ವಿಡಿಯೊದ ಕನ್ನಡ ಅದರ ಕಿವಿಗೆ ಬೇರೆ ಊರಿನದು. ಊರಿನ ಮಾತಿನಿಂದ ಪುಸ್ತಕದ ಮಾತಿಗೆ ಮಗುವನ್ನು ಕೈಹಿಡಿದು ದಾಟಿಸುವ ಕೆಲಸವನ್ನು ಇಲ್ಲಿನ ಮಾಸ್ತರರು, ಅಕ್ಕೋರು ದಿನವೂ ಮಾಡುತ್ತಾರೆ. ಯಾವ ಪಠ್ಯಕ್ರಮದಲ್ಲೂ ಬರೆಯದ ಈ ಕೆಲಸ ಎಲ್ಲ ಮಕ್ಕಳಿಗೂ ಒಂದೇ ಮಾತಿನಲ್ಲಿ ಪಾಠ ಒಪ್ಪಿಸುವ ಪರದೆಯಿಂದ ಆಗದು.

ಇದರ ಜೊತೆಗೆ ಗುಳೆ ಇದೆ. ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ, ಬಾರದ ವರ್ಷ ಅದಕ್ಕೂ ಮುಂಚೆ, ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೋ ಬೆಂಗಳೂರಿಗೋ ಹೊರಡುತ್ತವೆ. ಮನೆಯ ಒಂದೇ ಮೊಬೈಲು ದುಡಿಯುವವರ ಜೇಬಿನಲ್ಲಿ ಹೋಗುತ್ತದೆ. ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ’ ಎಂದು ಸಮೀಕ್ಷೆಯಲ್ಲಿ ದಾಖಲಾದ ಮಾತ್ರಕ್ಕೆ ಮಗುವಿನ ಕೈಯಲ್ಲಿ ಫೋನ್ ಇದೆ ಎಂದು ತಿಳಿಯಬಾರದು.

ಕೊರೊನಾ ಕಾಲ ಇದನ್ನೆಲ್ಲ ಬಯಲಿಗಿಟ್ಟಿತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಏಳನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡು ಶಿಕ್ಷಕರೇ ಓಣಿ ಓಣಿಗೆ ನಡೆದು, ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದರ ಕುಂದುಕೊರತೆ ಏನೇ ಇರಲಿ, ಪರದೆಯ ಭರವಸೆ ಕೈಕೊಟ್ಟಾಗ ಇಲಾಖೆ ಮತ್ತೆ ನಂಬಿದ್ದು ಮಗುವಿನ ಎದುರು ಕೂರುವ ಮನುಷ್ಯನನ್ನು. ಆ ವರ್ಷಗಳ ಫಲ ಹಳ್ಳಿಯ ಮಕ್ಕಳ ಕಲಿಕೆ ಅಳೆಯುವ ‘ಅಸರ್’ ಸಮೀಕ್ಷೆಗಳಲ್ಲಿದೆ. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 19ರಷ್ಟಿದ್ದರು, 2022ರಲ್ಲಿ ಶೇ. 9ಕ್ಕೂ ಕಡಿಮೆಯಾದರು. ಅದೇ ಅವಧಿಯಲ್ಲಿ ದೇಶದ ಗ್ರಾಮೀಣ ವಿದ್ಯಾರ್ಥಿಗಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವವು ಶೇ. 36ರಿಂದ ಶೇ. 75ರ ಹತ್ತಿರಕ್ಕೆ ಏರಿದವು. ಫೋನಿನಿಂದ ಓದು ಕುಸಿಯಿತೆಂದು ನಾನು ಹೇಳುತ್ತಿಲ್ಲ. ಶಾಲೆ ಮುಚ್ಚಿದ್ದರಿಂದ ಕುಸಿಯಿತು. ಆದರೆ ಶಾಲೆ ಬಿಟ್ಟ ಜಾಗವನ್ನು ಫೋನು ತುಂಬಲಿಲ್ಲ ಎಂಬುದನ್ನು ಈ ಎರಡು ಲೆಕ್ಕ ಒಟ್ಟಿಗೆ ಹೇಳುತ್ತವೆ. 2024ರ ಅಸರ್ ಸಮೀಕ್ಷೆಯ ಹಿಂದಿನ ವಾರದಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವಯಸ್ಸಿನ ದೇಶದ ಗ್ರಾಮೀಣ ಮಕ್ಕಳಲ್ಲಿ ಶೇ. 57ರಷ್ಟು ಮಂದಿ ಫೋನನ್ನು ಓದಿಗೆ ಬಳಸಿದ್ದರು. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈಗಿನ ಸಾಫ್ಟ್‌ವೇರ್ ಬರೀ ತೋರಿಸುವುದಿಲ್ಲ, ಮಗುವಿನ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಮಗು ಓದಿದ್ದನ್ನು ಆಲಿಸಿ ತಪ್ಪು ಗುರುತಿಸುವ ಆ್ಯಪ್‌ಗಳೂ ಬಂದಿವೆ. ಹಾಗಾದರೆ ಯಂತ್ರಕ್ಕೂ ಕಿವಿ ಬಂತಲ್ಲ ಎಂಬ ವಾದ. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ಇಂಥ ಕಾರ್ಯಕ್ರಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಶಾಲೆಯ ನಂತರದ ಕೇಂದ್ರಗಳಲ್ಲಿ ನಾಲ್ಕೂವರೆ ತಿಂಗಳು ಕಲಿತ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹವಾಗಿ ಮುಂದೆ ಬಂದರು. ಇದು ನಿಜವಾದ ಪುರಾವೆ, ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಮಕ್ಕಳಿಗೆ ಸಿಕ್ಕಿದ್ದು ಏನು? ತರಗತಿಯ ಪಾಠವನ್ನು ಪಕ್ಕಕ್ಕಿಟ್ಟು, ತಾವು ನಿಂತ ಮೆಟ್ಟಿಲಿನಿಂದ ಕಲಿಯುವ ಅವಕಾಶ. ಜೊತೆಗೆ ಸಣ್ಣ ಗುಂಪಿಗೆ ಒಬ್ಬ ಸಹಾಯಕರು. ಅದೇ ತತ್ವವನ್ನು ಯಾವ ಯಂತ್ರವೂ ಇಲ್ಲದೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ಕಲಿಕೆಯ ಕಾರ್ಡುಗಳನ್ನು ನೆಚ್ಚಿಕೊಂಡು ನಡೆಸಿತ್ತು: ಪ್ರತಿ ಮಗು ತನ್ನ ಹೆಜ್ಜೆಯಲ್ಲಿ ಮುಂದೆ ಹೋಗಲಿ, ಶಿಕ್ಷಕರು ನಡುವೆ ಕೂತು ನೋಡಲಿ. ಸಾಫ್ಟ್‌ವೇರ್ ಆ ಕೆಲಸವನ್ನು ಚುರುಕು ಮಾಡುವುದಾದರೆ ಬರಲಿ. ಶಿಕ್ಷಕರ ಹುದ್ದೆ ಖಾಲಿ ಬಿಡಲು ಅದು ನೆಪವಾಗಬಾರದು. ‘ಶಿಕ್ಷಕರೇ ಇಲ್ಲದ ಕಡೆ ಪರದೆಯಾದರೂ ಇರಲಿ’ ಎಂಬ ಮಾತಿನಲ್ಲಿ ಈ ಅಪಾಯ ಅಡಗಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿಯಿದ್ದಾಗ ಹೃದಯದ ಬಡಿತವನ್ನು ವಿಡಿಯೊದಲ್ಲಿ ನೋಡುವುದು ಏನೂ ನೋಡದಿರುವುದಕ್ಕಿಂತ ಮೇಲು. ಆದರೆ ತಾತ್ಕಾಲಿಕ ಎಂದು ಬಂದದ್ದು ಕಾಯಂ ಆಗುವುದು ನಮ್ಮಲ್ಲಿ ಹೊಸತಲ್ಲ, ಅತಿಥಿ ಶಿಕ್ಷಕರನ್ನು ಕೇಳಿದರೆ ಹೇಳುತ್ತಾರೆ.

ಇನ್ನೊಂದು ಆಕ್ಷೇಪ ನ್ಯಾಯದ್ದು. ಬೆಂಗಳೂರಿನ ಮಗುವಿಗೆ ಟ್ಯಾಬ್ ಇರುವಾಗ ಸಿಂದಗಿಯ ಮಗುವಿಗೆ ಬೇಡವೇ? ಬೇಕು. ಆದರೆ ಬೆಂಗಳೂರಿನ ಅನುಕೂಲಸ್ಥ ಮನೆಯ ಮಗುವಿಗೆ ಟ್ಯಾಬ್ ಪಕ್ಕದಲ್ಲಿ ಓದಿದ ತಾಯಿ, ಟ್ಯೂಷನ್, ಪ್ರತಿ ವಿಷಯಕ್ಕೂ ಒಬ್ಬ ಶಿಕ್ಷಕರು ಇದ್ದಾರೆ. ಅವರನ್ನೆಲ್ಲ ಬಿಟ್ಟು ಟ್ಯಾಬನ್ನಷ್ಟೇ ಸಿಂದಗಿಗೆ ಕಳಿಸಿದರೆ ಅಂತರ ಹಾಗೆಯೇ ಉಳಿಯುತ್ತದೆ, ಕಣ್ಣಿಗೆ ಮಾತ್ರ ಕಾಣದಂತಾಗುತ್ತದೆ. ಪಕ್ಕದ ಕೇರಳ ಹಿಡಿದ ದಾರಿ ಹೆಚ್ಚು ವಿವೇಕದ್ದು. 2001ರಲ್ಲಿ ‘ಐಟಿ@ಸ್ಕೂಲ್’ ಎಂದು ಶುರುವಾಗಿ ಈಗ ‘ಕೈಟ್’ ಆಗಿರುವ ಅಲ್ಲಿನ ವ್ಯವಸ್ಥೆ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿತು, ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಮಾಡಿತು, ಪಾಠಗಳನ್ನು ಅವರ ಕೈಯಿಂದಲೇ ಮಾಡಿಸಿತು. ನಮ್ಮ ಸೈಟ್ ಪ್ರಯೋಗದಲ್ಲೂ ಇಂಥದೊಂದು ಎಳೆ ಇತ್ತು: ರಜೆಯ ದಿನಗಳಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ಟಿವಿ, ಬಾನುಲಿ, ಅಚ್ಚಿನ ಪಾಠ, ಕೈಯಾರೆ ಮಾಡುವ ಪ್ರಯೋಗಗಳನ್ನು ಬೆರೆಸಿ ವಿಜ್ಞಾನ ಬೋಧನೆಯ ತರಬೇತಿ ಕೊಡಲಾಯಿತು. ನನಗೆ ಆ ಪ್ರಯೋಗದ ಅತ್ಯಂತ ಬೆಲೆಯುಳ್ಳ ಭಾಗ ಅದೇ ಅನ್ನಿಸುತ್ತದೆ. ಉಪಗ್ರಹ ಹೋದ ಮೇಲೂ ಶಿಕ್ಷಕರು ಉಳಿದರು.

ಇಷ್ಟು ಹೇಳಿದ್ದು ಮೊಬೈಲನ್ನು ಶಾಲೆಯಿಂದ ಆಚೆ ಇಡಲು ಅಲ್ಲ. ಮೊಬೈಲಿನಲ್ಲಿ ಪರದೆಯಷ್ಟೇ ಇಲ್ಲ, ಒಂದು ಮೈಕೂ ಇದೆ. ಶಾಲೆಗಳು ಅದನ್ನು ಹೆಚ್ಚುಕಡಿಮೆ ಮರೆತಿವೆ. ಈ ನೆಲಕ್ಕೆ ಕೇಳಿಸಿಕೊಂಡು ದಾಖಲಿಸುವ ದೊಡ್ಡ ಪರಂಪರೆಯಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ, ಬರೆದುಕೊಂಡು, ‘ಗರತಿಯ ಹಾಡು’ ಎಂಬ ಸಂಗ್ರಹವಾಗಿಸಿದರು. ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಮನೆಮನೆಯ ತಾಡೋಲೆ ಹುಡುಕಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚಿಗೆ ತಂದರು. ಮುದ್ರಣಯಂತ್ರ ಅಂದಿನ ಹೊಸ ತಂತ್ರಜ್ಞಾನವೇ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆ ಅದಕ್ಕೆ ಹೆದರಲಿಲ್ಲ, ತನ್ನಲ್ಲಿದ್ದದ್ದನ್ನು ಹೇಳಲು ಅದನ್ನು ದುಡಿಸಿಕೊಂಡಿತು. ಇಂದು ಆರನೇ ತರಗತಿಯ ಹುಡುಗಿ ತನ್ನ ಆಯಿಯ ಬೀಸುವ ಪದವನ್ನೋ, ಊರಿನ ಮೊಹರಂ ಪದವನ್ನೋ ಶಿಕ್ಷಕರ ಫೋನಿನಲ್ಲಿ ಧ್ವನಿಮುದ್ರಿಸಿ, ಅದನ್ನು ಮತ್ತೆ ಮತ್ತೆ ಕೇಳಿ, ಒಂದೊಂದೇ ಸಾಲಾಗಿ ಬರೆದರೆ ಓದು, ಬರಹ, ಕಾಗುಣಿತ, ಊರಿನ ಚರಿತ್ರೆ ಎಲ್ಲವೂ ಒಂದೇ ಕೆಲಸದಲ್ಲಿ ನಡೆಯುತ್ತವೆ. ಇಂಡಿಯ ನಿಂಬೆ ಮಾರುಕಟ್ಟೆಯ ದಿನದ ಧಾರಣೆಯನ್ನು ಒಂದು ತಿಂಗಳು ಬರೆದಿಟ್ಟ ಎಂಟನೇ ತರಗತಿಗೆ ಸರಾಸರಿ, ನಕ್ಷೆಗಳ ಪಾಠಕ್ಕೆ ಬೇರೆ ಉದಾಹರಣೆ ಬೇಡ. ನಾಲ್ಕನೇ ತರಗತಿಯ ಮಗು ಓದುವುದನ್ನು ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ಮುದ್ರಿಸಿಟ್ಟರೆ ಅದು ಎಷ್ಟು ಬೆಳೆದಿದೆ ಎಂಬುದು ತಾಯಿಗೂ ಕೇಳಿಸುತ್ತದೆ, ಅವಳಿಗೆ ಅಕ್ಷರ ಬಾರದಿದ್ದರೂ. ಇವಕ್ಕೆಲ್ಲ ಶಾಲೆಗೆ ಒಂದು ಫೋನ್ ಸಾಕು.

ಆ ಒಂದು ಫೋನಿಗೂ ಅದನ್ನು ಹಿಡಿದವರಿಗೂ ಬಿಡುವು ಬೇಕಲ್ಲ. ಇಂದು ಶಿಕ್ಷಕರ ಫೋನಿನ ಬಹುಪಾಲು ಸಮಯ ಇಲಾಖೆಯ ಪಾಲಾಗಿದೆ: ಬಿಸಿಯೂಟದ ಲೆಕ್ಕ, ಹಾಜರಿ, ಕಾರ್ಯಕ್ರಮದ ಫೋಟೊ, ವಾಟ್ಸ್ಆ್ಯಪ್ ಗುಂಪಿನಲ್ಲಿ ‘ತಕ್ಷಣ ಮಾಹಿತಿ ಒದಗಿಸಿ’ ಎಂಬ ಸಂದೇಶ. ಮಗುವಿನ ಕಡೆ ತಿರುಗಬೇಕಾದ ಗಮನವನ್ನು ಮೇಲಿನ ಕಚೇರಿಯ ಕಡೆ ತಿರುಗಿಸುವ ತಂತ್ರಜ್ಞಾನ ನನ್ನ ಅಳತೆಯಲ್ಲಿ ಸೋತಂತೆಯೇ, ಅದರ ಹೆಸರು ಎಷ್ಟು ಆಧುನಿಕವಾಗಿದ್ದರೂ. ಸರ್ಕಾರ ಮಾಹಿತಿಯ ಕೆಲಸವನ್ನು ಶಿಕ್ಷಕರ ಕೈಯಿಂದ ಬಿಡಿಸಿ ಕ್ಲಸ್ಟರ್ ಮಟ್ಟದ ಗುಮಾಸ್ತರಿಗೆ ಕೊಡಲಿ. ಇನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲಿ ಒಂದು ವಿನಂತಿ. ದೀಪಾವಳಿ ಮುಗಿದು ಕಬ್ಬಿನ ಗ್ಯಾಂಗುಗಳು ಊರು ಬಿಡುವ ಮೊದಲು, ಗುಳೆ ಹೋಗುವ ಪ್ರತಿ ಮಗುವಿನ ತಂದೆತಾಯಿಯ ನಂಬರನ್ನೂ ಅವರು ಸೇರುವ ಕಾರ್ಖಾನೆಯ ಹೆಸರನ್ನೂ ತರಗತಿಯ ಶಿಕ್ಷಕರಿಗೆ ಬರೆದುಕೊಡಿ. ಭಾನುವಾರ ಸಂಜೆ ಆ ನಂಬರಿಗೆ ಒಂದು ಕರೆ ಹೋಗಲಿ. ಮಗು ಒಂದು ಪುಟ ಓದಲಿ, ಈ ಕಡೆ ಯಾರಾದರೂ ಕೇಳಿಸಿಕೊಳ್ಳಲಿ.